ಮಾತು ಕೊಟ್ಟ ಮೇಲೆ ಹೊಲ ಯಾರದು?



ನಿಮ್ಮಲ್ಲಿ ಅನೇಕರು ಜೀವನದಲ್ಲಿ ಒಮ್ಮೆಯಾದರೂ ಕ್ರಯದ ಕರಾರು ಪತ್ರವೊಂದಕ್ಕೆ ಸಹಿ ಹಾಕಿರುತ್ತೀರಿ. ಇಲ್ಲವಾದರೆ ನೆಂಟರ ಅಥವಾ ನೆರೆಯವರ ಪರವಾಗಿ ಸಾಕ್ಷಿಯ ಸಾಲಿನಲ್ಲಿ ಹೆಸರು ಬರೆದಿರುತ್ತೀರಿ. ಛಾಪಾ ಕಾಗದದ ಮೇಲೆ ಜಮೀನಿನ ಸರ್ವೆ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ, ಒಪ್ಪಿಕೊಂಡ ಬೆಲೆ, ಕೊಟ್ಟ ಮುಂಗಡ, ಉಳಿದ ಹಣ ಪಾವತಿಸಿ ನೋಂದಣಿ ಮಾಡಿಸಿಕೊಳ್ಳಲು ಆರು ತಿಂಗಳ ಅಥವಾ ಒಂದು ವರ್ಷದ ಗಡುವು, ಇಷ್ಟನ್ನು ಬರೆದು ಎರಡೂ ಕಡೆಯವರು ಸಹಿ ಹಾಕುತ್ತಾರೆ. ಆ ಸಂಜೆ ಕೊಳ್ಳುವವರ ಮನೆಯಲ್ಲಿ ಜಾಗ ನಮ್ಮದಾಯಿತೆಂದು ಸಿಹಿ ಹಂಚುತ್ತಾರೆ. ಮಾರುವವರ ಮನೆಯಲ್ಲಿ ಹಿರಿಯರ ಕಾಲದ ಹೊಲ ಕೈಬಿಟ್ಟಿತೆಂದು ವೃದ್ಧ ತಾಯಿ ಕಣ್ಣೊರೆಸಿಕೊಳ್ಳುತ್ತಾಳೆ. ಕಾನೂನಿನ ದೃಷ್ಟಿಯಲ್ಲಿ ಆ ಸಂತೋಷಕ್ಕೂ ಈ ದುಃಖಕ್ಕೂ ಇನ್ನೂ ಕಾಲ ಬಂದಿಲ್ಲ. ಹೊಲ ನಿನ್ನೆ ಯಾರದಾಗಿತ್ತೋ ಇಂದೂ ಅವರದೇ.

ನಮ್ಮ ದೇಶದ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 54ನೇ ಕಲಂ ಇದನ್ನು ಸಂದೇಹಕ್ಕೆಡೆಯಿಲ್ಲದಂತೆ ಹೇಳುತ್ತದೆ. ಮಾರುತ್ತೇನೆಂಬ ಕರಾರು ತನ್ನಷ್ಟಕ್ಕೇ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರ ಸ್ವತ್ತಿನ ಒಡೆತನ ಕೈ ಬದಲಾಗಬೇಕಾದರೆ ಕ್ರಯಪತ್ರ ನೋಂದಣಿಯಾಗಲೇಬೇಕು. ಕರಾರಿನಿಂದ ಕೊಳ್ಳುವವರಿಗೆ ದೊರೆಯುವುದು ಹೊಲವಲ್ಲ, ಹೊಲವನ್ನು ಕೊಡುತ್ತೇನೆಂದು ಇನ್ನೊಬ್ಬರು ಕೊಟ್ಟ ಮಾತು. ಆ ಮಾತನ್ನು ನಡೆಸಿಕೊಡಿರೆಂದು ಕೇಳುವ ಹಕ್ಕು ಅವರಿಗುಂಟು. ಹೊಲ ನನ್ನದೆಂದು ಹೇಳುವ ಹಕ್ಕಿಲ್ಲ.

ಎಲ್ಲ ವಸ್ತುಗಳಿಗೂ ಈ ನಿಯಮವಿಲ್ಲವೆಂಬುದನ್ನು ಗಮನಿಸಬೇಕು. ದನಗಳ ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವವರನ್ನು ನೀವು ನೋಡಿದ್ದೀರಿ. ಕಣ್ಣೆದುರಿಗೆ ನಿಂತ ಒಂದು ಜೊತೆ ಎತ್ತಿಗೆ ಯಾವ ಷರತ್ತೂ ಇಲ್ಲದೆ ಬೆಲೆ ಕುದುರಿತೆಂದರೆ, ಹಣ ನಾಳೆ ಕೊಡುವುದಾದರೂ, ಬೇರೆ ಉದ್ದೇಶ ವ್ಯಕ್ತವಾಗದಿದ್ದಲ್ಲಿ, 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ಎತ್ತುಗಳ ಒಡೆತನ ಆ ಕ್ಷಣವೇ ಕೊಂಡವನಿಗೆ ಸಲ್ಲುತ್ತದೆ. ಅಲ್ಲಿ ಕರಾರೇ ಒಡೆತನವನ್ನು ದಾಟಿಸುವ ದೋಣಿ. ಹೊಲದ ವಿಷಯದಲ್ಲಾದರೋ ಕರಾರು ದೋಣಿಯನ್ನು ತರುತ್ತೇನೆಂಬ ಭರವಸೆ ಮಾತ್ರ. ಒಂದೇ ರೈತ, ಒಂದೇ ನಾಲಿಗೆ, ಒಂದೇ ಬಗೆಯ ಒಪ್ಪಂದ. ಎತ್ತಿಗೊಂದು ನ್ಯಾಯ, ಎತ್ತು ಉಳುವ ನೆಲಕ್ಕೊಂದು ನ್ಯಾಯ. ಇದೇಕೆ ಹೀಗೆ ಎಂಬ ಪ್ರಶ್ನೆ ವಕೀಲರಿಗಷ್ಟೇ ಸೇರಿದ್ದಲ್ಲ. ಮಾತಿಗೂ ಒಡೆತನಕ್ಕೂ ಇರುವ ಸಂಬಂಧವೇನು, ಮಾತು ಕೊಟ್ಟಾದ ಮೇಲೂ ವಸ್ತು ನನ್ನದಾಗಿಯೇ ಉಳಿದಿದ್ದರೆ ಅದು ಯಾವ ಅರ್ಥದಲ್ಲಿ ನನ್ನದು ಎಂಬುದು ಮನಸ್ಸಾಕ್ಷಿಯ ಪ್ರಶ್ನೆಯೂ ಹೌದು.

ನಮ್ಮ ಭಾಷೆಯಲ್ಲಿ ಒಡಂಬಡಿಕೆ, ಒಡೆತನ ಎಂಬ ಎರಡು ಪದಗಳು ಒಂದೇ ತಾಯಿಯ ಮಕ್ಕಳಂತೆ ಕೇಳಿಸುತ್ತವೆ. ಆದರೆ ಮೂಲ ಬೇರೆ. ಒಡಂಬಡುವುದು ಎಂದರೆ ಇನ್ನೊಬ್ಬರ ಒಡನೆ ಒಂದು ಮಾತಿಗೆ ಬರುವುದು, ಅಲ್ಲಿ ಇಬ್ಬರಿರಲೇಬೇಕು. ಒಡೆಯನೆಂದರೆ ಉಳ್ಳವನು, ಅವನು ಒಬ್ಬನೇ ನಿಂತಿರಬಲ್ಲ, ಅವನೆದುರಿಗೆ ನಿಲ್ಲುವುದು ಇಡೀ ಲೋಕ. ಕಾನೂನು ಚಿಂತಕರು ಹೇಳುವ ಭೇದವೂ ಬಹುಮಟ್ಟಿಗೆ ಇದೇ. ಕರಾರಿನ ಹಕ್ಕು ಒಬ್ಬ ವ್ಯಕ್ತಿಯ ಮೇಲಿನ ಹಕ್ಕು. ನನಗೆ ಮಾತು ಕೊಟ್ಟವನನ್ನು ಮಾತ್ರ ನಾನು ಹಿಡಿದು ಕೇಳಬಲ್ಲೆ. ಒಡೆತನದ ಹಕ್ಕು ವಸ್ತುವಿನ ಮೇಲಿನದು. ನನ್ನನ್ನು ಕಂಡೇ ಇರದ ದಾರಿಹೋಕನೂ ನನ್ನ ಬೇಲಿಯನ್ನು ಗೌರವಿಸಬೇಕು. 1797ರಲ್ಲಿ ಪ್ರಕಟವಾದ ತನ್ನ ನೀತಿ ಮತ್ತು ನ್ಯಾಯದ ಗ್ರಂಥದಲ್ಲಿ ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಕುದುರೆಯ ವ್ಯಾಪಾರವನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತಾನೆ. ಕುದುರೆಗಾಗಿ ಒಪ್ಪಂದ ಮಾಡಿಕೊಂಡು ಅದನ್ನು ಇನ್ನೂ ನನ್ನ ಲಾಯಕ್ಕೆ ತಂದಿಲ್ಲವಾದರೆ ನಾನು ಪಡೆದಿರುವುದು ಕುದುರೆಯನ್ನಲ್ಲ, ಕುದುರೆಯನ್ನು ಒಪ್ಪಿಸುವ ಆ ಮನುಷ್ಯನ ಕ್ರಿಯೆಯನ್ನು. ಒಪ್ಪಂದದಿಂದ ನನ್ನ ವಶಕ್ಕೆ ಬರುವುದು ಇನ್ನೊಬ್ಬನ ಇಚ್ಛೆಯ ಒಂದು ತುಣುಕು ಎಂಬುದು ಆತನ ವಾದದ ಸಾರ.

ಈ ಭೇದ ಹೊಸದಲ್ಲ. ಪ್ರಾಚೀನ ರೋಮಿನಲ್ಲಿ ಹೊಲ, ಎತ್ತು, ಕುದುರೆಗಳಂತಹ ಬೆಲೆಬಾಳುವ ಸ್ವತ್ತುಗಳು ಕೈ ಬದಲಾಗಬೇಕಾದರೆ ಐವರು ಸಾಕ್ಷಿಗಳು, ತಕ್ಕಡಿ ಹಿಡಿದ ಒಬ್ಬ, ತಾಮ್ರದ ತುಂಡು, ನಿಯತವಾದ ಮಾತುಗಳು ಇವೆಲ್ಲ ಬೇಕಿದ್ದವು. ಬರಿಯ ಒಪ್ಪಂದದಿಂದ ಒಡೆತನ ದಾಟದು ಎಂಬುದು ಅವರ ನ್ಯಾಯಶಾಸ್ತ್ರದ ಸ್ಥಿರ ಸೂತ್ರವಾಗಿತ್ತು. ಪವಿತ್ರ ಗ್ರಂಥವನ್ನು ಭಕ್ತಿಯಿಂದ ಓದುವ ನಾವು ಅದರೊಳಗಿನ ಜಮೀನು ವ್ಯವಹಾರಗಳನ್ನು ಸಾಮಾನ್ಯವಾಗಿ ದಾಟಿಹೋಗುತ್ತೇವೆ. ಸಾರಳನ್ನು ಸಮಾಧಿ ಮಾಡಲು ಅಬ್ರಹಾಮನು ಮಕ್ಪೇಲದ ಗವಿಯನ್ನು ಹಿತ್ತಿಯನಾದ ಎಫ್ರೋನನಿಂದ ಕೊಂಡ ಪ್ರಸಂಗವನ್ನು ಆದಿಕಾಂಡದ 23ನೇ ಅಧ್ಯಾಯದಲ್ಲಿ ನಿಧಾನವಾಗಿ ಓದಿ ನೋಡಿ. ಎಫ್ರೋನನು ಸುಮ್ಮನೆ ತೆಗೆದುಕೊಳ್ಳಿರೆಂದರೂ ಅಬ್ರಹಾಮನು ಬಾಯಿಮಾತಿನ ಔದಾರ್ಯವನ್ನು ನೆಚ್ಚಿಕೊಳ್ಳಲಿಲ್ಲ. 400 ಶೆಕೆಲ್ ಬೆಳ್ಳಿಯನ್ನು ಎಲ್ಲರೆದುರಿಗೆ ತೂಗಿಕೊಟ್ಟನು. ಹೊಲ, ಗವಿ, ಎಲ್ಲೆಯೊಳಗಿನ ಮರಗಳು ಎಲ್ಲವೂ ಊರಬಾಗಿಲಲ್ಲಿ ಕುಳಿತ ಹಿತ್ತಿಯರ ಸಮ್ಮುಖದಲ್ಲಿ ಅವನದೆಂದು ಸ್ಥಿರವಾಯಿತು. ಇದು ನಮ್ಮ ಚಕ್ಕುಬಂದಿಯೇ ಅಲ್ಲವೇ? ಮುಂದೆ ಪ್ರವಾದಿ ಯೆರೆಮೀಯನು ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡಾಗ ಪತ್ರದ ಎರಡು ಪ್ರತಿಗಳಿದ್ದವು: ಮುದ್ರೆಯೊತ್ತಿ ಮುಚ್ಚಿದ್ದು ಒಂದು, ತೆರೆದಿದ್ದು ಇನ್ನೊಂದು. ಎರಡನ್ನೂ ಬಹುಕಾಲ ಉಳಿಯಲೆಂದು ಮಣ್ಣಿನ ಮಡಕೆಯಲ್ಲಿಡಿಸಿದನು. ರೂತಳ ಕತೆಯಲ್ಲಿ ಕೆರ ಕಳಚಿ ಕೊಡುವುದೂ ಹತ್ತು ಮಂದಿ ಹಿರಿಯರ ಮುಂದೆಯೇ.

ಇದಕ್ಕೆ ವಿರುದ್ಧವಾಗಿ ನಡೆದು ನೋಡಿದ ದೇಶವೂ ಉಂಟು. 1804ರ ಫ್ರಾನ್ಸಿನ ಸಿವಿಲ್ ಸಂಹಿತೆ ಮನುಷ್ಯನ ಇಚ್ಛೆಗೆ ದೊಡ್ಡ ಮರ್ಯಾದೆ ಕೊಟ್ಟಿತು. ಮಾರುವವರೂ ಕೊಳ್ಳುವವರೂ ವಸ್ತು ಮತ್ತು ಬೆಲೆಯ ವಿಷಯದಲ್ಲಿ ಒಪ್ಪಿದರೆ ಸಾಕು, ಒಡೆತನ ಅವರಿಬ್ಬರ ಮಟ್ಟಿಗೆ ಅಲ್ಲೇ ದಾಟಿತು. ಕೇಳಲು ಎಷ್ಟು ಉದಾತ್ತ! ಆದರೆ ಬೇರೆಯವರ ಗತಿಯೇನು? ನಿನ್ನೆ ಗುಟ್ಟಾಗಿ ಮಾರಾಟವಾದ ಹೊಲವನ್ನು ಇಂದು ಏನೂ ತಿಳಿಯದೆ ಕೊಂಡವನು, ಅಡಮಾನವಿಟ್ಟುಕೊಂಡು ಸಾಲ ಕೊಟ್ಟವನು ಬೀದಿಪಾಲಾಗಬೇಕೆ? ಕಡೆಗೆ 1855ರಲ್ಲಿ ಆ ದೇಶವೂ ಭೂಮಿಯ ವರ್ಗಾವಣೆ ಮೂರನೆಯವರ ಮೇಲೆ ಊರ್ಜಿತವಾಗಬೇಕಾದರೆ ದಾಖಲೆಯ ಪುಸ್ತಕದಲ್ಲಿ ಬರೆಸಬೇಕೆಂದು ಕಾನೂನು ಮಾಡಿತು. ಜರ್ಮನಿ ಇನ್ನೊಂದು ತುದಿಗೆ ಹೋಯಿತು. ಅಲ್ಲಿಯ ನ್ಯಾಯಶಾಸ್ತ್ರಜ್ಞ ಸಾವಿನ್ಯಿ ಭಿಕ್ಷೆಯ ಉದಾಹರಣೆಯನ್ನು ಕೊಡುತ್ತಿದ್ದನು. ಭಿಕ್ಷುಕನ ಕೈಗೆ ನಾಣ್ಯ ಹಾಕುವ ಮೊದಲು ಯಾರೂ ಅವನೊಡನೆ ಕರಾರು ಮಾಡಿಕೊಂಡಿರುವುದಿಲ್ಲ. ಆದರೂ ನಾಣ್ಯ ಅವನದಾಗುತ್ತದೆ. ಹಾಗಾದರೆ ಕೊಡುತ್ತೇನೆಂಬ ಮಾತು ಬೇರೆ, ಕೊಡುವಿಕೆ ಬೇರೆ. ಕೊಡುವಿಕೆಯಲ್ಲೇ ಅದರದೇ ಆದ ಒಪ್ಪಿಗೆಯೊಂದು ಅಡಗಿದೆ. 1900ರಲ್ಲಿ ಜಾರಿಗೆ ಬಂದ ಜರ್ಮನಿಯ ಸಿವಿಲ್ ಸಂಹಿತೆ ಈ ಚಿಂತನೆಯ ಮೇಲೆಯೇ ನಿಂತಿದ್ದು, ಭೂಮಿಯ ಒಡೆತನ ದಾಟಲು ಭೂದಾಖಲೆಯಲ್ಲಿ ನಮೂದಾಗುವುದನ್ನು ಕಡ್ಡಾಯಮಾಡಿತು.

ನಮ್ಮ ಕಾಯಿದೆಯನ್ನು ಮೊದಲ ಬಾರಿಗೆ ಓದಿದವರಿಗೆ ಅದು ಮಾತಿನ ಬೆಲೆಯನ್ನು ಇಳಿಸಿ ಕಚೇರಿಯ ಮುದ್ರೆಯ ಬೆಲೆಯನ್ನು ಏರಿಸಿದಂತೆ ತೋರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಒಡೆತನ ಇಡೀ ಲೋಕವನ್ನು ಕಟ್ಟಿಹಾಕುವುದಾದರೆ ಲೋಕಕ್ಕೆ ಅದು ತಿಳಿಯುವ ದಾರಿಯಿರಬೇಕು. ಇಬ್ಬರ ನಡುವಿನ ಗುಟ್ಟಿನ ಕಾಗದ ಮೂರನೆಯವನ ಹೊಟ್ಟೆಯ ಮೇಲೆ ಹೊಡೆಯಬಾರದು. ಬರಿಯ ಕರಾರೇ ಒಡೆತನವಾಗುವುದಾದರೆ ಸಾಲಗಾರರಿಗೆ ಮೋಸಮಾಡಬೇಕೆಂದಿರುವವನಿಗೆ ಹಳೆಯ ತಾರೀಖಿನ ಒಂದು ಛಾಪಾ ಕಾಗದ ಸಾಕು. ಈ ಜಮೀನನ್ನು ಎರಡು ವರ್ಷದ ಹಿಂದೆಯೇ ಭಾವಮೈದುನನಿಗೆ ಕೊಟ್ಟಾಗಿದೆ ಎನ್ನುತ್ತಾನೆ. ಉಪನೋಂದಣಾಧಿಕಾರಿಯ ಕಚೇರಿ ಎಷ್ಟೇ ಗಿಜಿಗುಟ್ಟಲಿ, ಅಲ್ಲಿ ಕಾಯುವುದು ಎಷ್ಟೇ ಬೇಸರ ತರಲಿ, ಅದು ನಮ್ಮ ಕಾಲದ ಊರಬಾಗಿಲು. ಆ ಬಾಗಿಲನ್ನು ತಪ್ಪಿಸಿ ನಡೆಯುವವರ ಪರಿಪಾಠ ಬೆಂಗಳೂರಿನಂತಹ ನಗರಗಳ ಹೊರವಲಯದಲ್ಲಿ ಬಹುಕಾಲ ನಡೆಯಿತು. ಕ್ರಯದ ಕರಾರು, ಜನರಲ್ ಪವರ್ ಆಫ್ ಅಟಾರ್ನಿ, ಒಂದು ವಿಲ್ ಇಷ್ಟನ್ನೇ ಕೈಯಲ್ಲಿ ಹಿಡಿದು ಜೀವಮಾನದ ಉಳಿತಾಯವನ್ನು ನಿವೇಶನಕ್ಕೆ ಸುರಿದ ಬಡಕುಟುಂಬಗಳು ಎಷ್ಟೋ. 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂತಹ ಕಾಗದಗಳಿಂದ ಒಡೆತನ ದಾಟುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಮನೆಯಲ್ಲಿ ಅಂತಹ ಕಾಗದ ಮಾತ್ರ ಇರುವವರು ದಯವಿಟ್ಟು ಒಬ್ಬ ನಂಬಿಕಸ್ಥ ವಕೀಲರನ್ನು ಕಾಣಿರಿ.

ಇಷ್ಟರಮಟ್ಟಿಗೆ ಕಾನೂನಿನ ಪರವಾಗಿ ಹೇಳಿದೆ. ಆದರೆ ಮಾತು ಕೊಟ್ಟ ದಿನಕ್ಕೂ ನೋಂದಣಿಯ ದಿನಕ್ಕೂ ನಡುವೆ ಒಂದು ಬಿಡುವಿದೆ. ಮನುಷ್ಯನ ಆಸೆ ನುಸುಳುವುದು ಅಲ್ಲಿಯೇ.

ಇಂತಹ ಪ್ರಸಂಗವೊಂದು ಗುರುನಿವಾಸದ ಜಗಲಿಗೂ ಬಂದಿತ್ತು. ಒಬ್ಬ ಹಿರಿಯರು ಮಗಳ ನರ್ಸಿಂಗ್ ಓದಿನ ಶುಲ್ಕಕ್ಕಾಗಿ ಇಪ್ಪತ್ತು ಗುಂಟೆ ಜಮೀನು ಮಾರಲು ಕರಾರು ಮಾಡಿ ಮುಂಗಡ ಪಡೆದಿದ್ದರು. ಐದು ತಿಂಗಳಲ್ಲಿ ಆ ಕಡೆಗೆ ದೊಡ್ಡ ರಸ್ತೆ ಬರುವುದೆಂಬ ಸುದ್ದಿ ಹರಡಿ ಬೆಲೆ ಮೂರು ಪಟ್ಟಾಯಿತು. "ಸ್ವಾಮಿಗಳೇ, ನೋಂದಣಿ ಆಗಿಲ್ಲ, ಹಾಗಾದರೆ ಜಮೀನು ಇನ್ನೂ ನನ್ನದೇ ಅಲ್ಲವೇ? ನಾನು ತಪ್ಪಿದರೆ ಮುಂಗಡದ ಎರಡು ಪಟ್ಟು ಕೊಡಬೇಕೆಂದು ಕರಾರಿನಲ್ಲೇ ಬರೆದಿದೆ. ಕೊಟ್ಟುಬಿಡುತ್ತೇನೆ. ಇದರಲ್ಲಿ ಪಾಪವೇನು ಬಂತು?" ಎಂಬುದು ಅವರ ಪ್ರಶ್ನೆ. ಅವರು ಕೆಟ್ಟವರಲ್ಲ. ಪ್ರಶ್ನೆಯನ್ನು ಪ್ರಾಮಾಣಿಕವಾಗಿಯೇ ಕೇಳಿದ್ದರು.

ಅವರ ವಾದಕ್ಕೆ ದೊಡ್ಡವರೊಬ್ಬರ ಬೆಂಬಲವೂ ಇದೆ. ಅಮೆರಿಕದ ನ್ಯಾಯಾಧೀಶ ಆಲಿವರ್ ವೆಂಡೆಲ್ ಹೋಮ್ಸ್ 1897ರ ಒಂದು ಪ್ರಸಿದ್ಧ ಉಪನ್ಯಾಸದಲ್ಲಿ, ಕರಾರಿನ ಹೊಣೆಯೆಂದರೆ ಅದನ್ನು ನಡೆಸದಿದ್ದರೆ ನಷ್ಟ ತುಂಬಿಕೊಡಬೇಕಾದೀತು ಎಂಬ ಮುನ್ಸೂಚನೆಯಷ್ಟೇ, ಅದಕ್ಕಿಂತ ಹೆಚ್ಚೇನೂ ಇಲ್ಲ ಎಂಬ ಅರ್ಥದಲ್ಲಿ ವಾದಿಸಿದನು. ಈ ನೋಟದಲ್ಲಿ ಮಾತು ಕೊಡುವವನು ತನ್ನ ನಡತೆಯನ್ನು ಕಟ್ಟಿಕೊಳ್ಳುವುದಿಲ್ಲ. ಮಾತಿಗೊಂದು ಬೆಲೆಚೀಟಿ ಅಂಟಿಸುತ್ತಾನೆ, ಅಷ್ಟೇ. ಬೆಲೆ ತೆತ್ತರೆ ತಪ್ಪಿಸಿಕೊಳ್ಳಬಹುದು. ವ್ಯಾಪಾರದ ಸರಕಿನ ವಿಷಯದಲ್ಲಿ ಇದರಲ್ಲಿ ಒಂದಿಷ್ಟು ಹುರುಳಿರಬಹುದು. ಈ ಮೂಟೆಯಲ್ಲದಿದ್ದರೆ ಇನ್ನೊಂದು ಮೂಟೆ ಸಿಗುತ್ತದೆ. ನೆಲಕ್ಕೆ ಇದು ಒಪ್ಪದು. ಒಂದು ನೆಲದ ಬದಲಿಗೆ ಅದೇ ನೆಲ ಇನ್ನೆಲ್ಲೂ ಇಲ್ಲ. ಆದುದರಿಂದಲೇ 1963ರ ನಿರ್ದಿಷ್ಟ ಪರಿಹಾರ ಕಾಯಿದೆ, ಸ್ಥಿರ ಸ್ವತ್ತಿನ ಕರಾರು ಮುರಿದರೆ ಹಣದಿಂದ ಅದನ್ನು ಸರಿದೂಗಿಸಲಾಗದೆಂದು ಭಾವಿಸಿ, ಕೊಟ್ಟ ಮಾತನ್ನೇ ನಡೆಸಿಕೊಡುವಂತೆ ಆದೇಶಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ನೀಡಿತು. ಎರಡು ಪಟ್ಟು ಮುಂಗಡದ ಷರತ್ತಿನ ಬಗ್ಗೆಯೂ ಅದರ 23ನೇ ಕಲಂ ಮಾತನಾಡುತ್ತದೆ. ಆ ಮೊತ್ತವನ್ನು ಮಾತು ನಡೆಯಲಿ ಎಂಬ ಭದ್ರತೆಗಾಗಿ ಬರೆದದ್ದಾದರೆ, ಹಣ ಬಿಸಾಡಿ ಮಾತು ಮುರಿಯುವ ಸ್ವಾತಂತ್ರ್ಯ ಕೊಡಲೆಂದು ಬರೆದದ್ದಲ್ಲವಾದರೆ, ಅದು ಮಾತು ತಪ್ಪಲು ನೆಪವಾಗದು.

ನಾನು ಆ ಹಿರಿಯರನ್ನು ಕೇಳಿದ್ದು ಒಂದೇ: ಬೆಲೆ ಮೂರು ಪಟ್ಟಾಗುವ ಬದಲು ಅರ್ಧಕ್ಕೆ ಇಳಿದಿದ್ದರೆ ಏನು ಮಾಡುತ್ತಿದ್ದಿರಿ? ಕರಾರು ಆಗಿದೆ, ಒಪ್ಪಿದ ಬೆಲೆ ಕೊಡಿರೆಂದು ಕೊಳ್ಳುವವರನ್ನು ಹಿಡಿಯುತ್ತಿರಲಿಲ್ಲವೇ? ಬೆಲೆ ಇಳಿಯುವ ಭಯವನ್ನು ಅವರ ಹೆಗಲಿಗೆ ದಾಟಿಸಿದ ದಿನವೇ ಬೆಲೆ ಏರುವ ಲಾಭವೂ ದಾಟಿತು. ನಿಮ್ಮ ಹೆಸರಿನಲ್ಲಿ ಉಳಿದಿರುವುದು ಪಹಣಿ. ಆ ಹೆಚ್ಚಿನ ಬೆಲೆಯಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದುಹೋದರು. ಮುಂದೆ ಅದು ನ್ಯಾಯಾಲಯಕ್ಕೆ ಹೋಯಿತೆಂದು ಕೇಳಿದೆ.

ಇಂಗ್ಲೆಂಡಿನ ಕಾನೂನು ಈ ಬಿಡುವನ್ನು ಬೇರೆ ಬಗೆಯಲ್ಲಿ ತುಂಬಿತು. ಅಲ್ಲಿಯ ಧರ್ಮನ್ಯಾಯದ ಪೀಠಗಳು, ಜಮೀನು ಮಾರುವ ಸಿಂಧುವಾದ ಕರಾರು ಆದೊಡನೆ ಮಾರುವವನು ಒಂದರ್ಥದಲ್ಲಿ ಕೊಳ್ಳುವವನ ಪರವಾಗಿ ಅದನ್ನು ಕಾಯುವ ಧರ್ಮದರ್ಶಿಯಾಗುತ್ತಾನೆಂದು ಹೇಳಿದವು. ಹೆಸರು ಇವನದು, ಫಲ ಅವನದು. 1882ರಲ್ಲಿ ನಮ್ಮ ಕಾಯಿದೆಯನ್ನು ರಚಿಸಿದವರು ಇಂತಹ ಇಬ್ಬಗೆಯ ಒಡೆತನವನ್ನು ಒಪ್ಪಲಿಲ್ಲ. ಒಡೆತನ ಒಂದೇ, ಅದು ದಾಟುವುದೂ ಒಂದೇ ಸಲ ಎಂದರು. ಸರಳತೆಗಾಗಿ ಅದು ಸರಿಯಾದ ನಿರ್ಧಾರವೆಂದೇ ನನ್ನ ಅನಿಸಿಕೆ. ಆದರೂ ಆ ಕಾಯಿದೆ ಮತ್ತು ಅದರ ನೆರೆಹೊರೆಯ ಕಾಯಿದೆಗಳು ಹಿಂಬಾಗಿಲಿನಿಂದ ಮನಸ್ಸಾಕ್ಷಿಯನ್ನು ಒಳಗೆ ಬಿಟ್ಟುಕೊಂಡಿವೆ. ಮಾರುವವನು ತಪ್ಪಿದರೆ, ಕೊಟ್ಟ ಮುಂಗಡದ ಮಟ್ಟಿಗೆ ಆ ಜಮೀನಿನ ಮೇಲೆ ಕೊಳ್ಳುವವನಿಗೆ ಋಣಭಾರವಿದೆ. ಕರಾರಿರುವುದನ್ನು ತಿಳಿದೂ ಅದೇ ಜಮೀನನ್ನು ಕೊಂಡ ಎರಡನೆಯವನು, ಹಣ ತೆತ್ತು ನೋಂದಣಿ ಮಾಡಿಸಿಕೊಂಡಿದ್ದರೂ, ಅದನ್ನು ಮೊದಲನೆಯವನ ಹಿತಕ್ಕಾಗಿ ಹಿಡಿದಿರಬೇಕೆಂದು ಭಾರತೀಯ ನ್ಯಾಸ ಕಾಯಿದೆಯ 91ನೇ ಕಲಂ ವಿಧಿಸುತ್ತದೆ. ತಿಳಿಯದೆ, ಶುದ್ಧ ಮನಸ್ಸಿನಿಂದ, ಬೆಲೆ ಕೊಟ್ಟು ಕೊಂಡವನನ್ನು ಮಾತ್ರ ಕಾನೂನು ಕಾಪಾಡುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಮೊದಲ ಕರಾರಿಗೆ ಈ ಎರಡನೆಯವನು ಸಹಿ ಹಾಕಿಲ್ಲ. ಯಾರಿಗೂ ಮಾತು ಕೊಟ್ಟಿಲ್ಲ. ಆದರೂ ಇನ್ನೊಬ್ಬನ ಮಾತು ಅವನನ್ನು ಕಟ್ಟುತ್ತದೆ, ಏಕೆಂದರೆ ಅವನಿಗೆ ತಿಳಿದಿತ್ತು. ಈ ತತ್ತ್ವಕ್ಕೆ ಹೆಸರಾದ ಪ್ರಕರಣ ಲಂಡನ್ ನಗರದ ಲೆಸ್ಟರ್ ಚೌಕದ ಒಂದು ತೋಟಕ್ಕೆ ಸೇರಿದ್ದು. 1808ರಲ್ಲಿ ಟಲ್ಕ್ ಎಂಬ ಒಡೆಯನು ಆ ತೋಟವನ್ನು ಮಾರುವಾಗ, ಕೊಂಡವನು ತಾನೂ ತನ್ನ ನಂತರದವರೂ ಅಲ್ಲಿ ಕಟ್ಟಡ ಕಟ್ಟದೆ ತೋಟವಾಗಿಯೇ ಇಟ್ಟುಕೊಳ್ಳುವೆವೆಂದು ಮಾತು ಕೊಟ್ಟಿದ್ದನು. ತೋಟ ಕೈಯಿಂದ ಕೈಗೆ ಹೋಗಿ ಮಾಕ್ಸೆ ಎಂಬವನ ಪಾಲಿಗೆ ಬಂತು. ಅವನ ಪತ್ರದಲ್ಲಿ ಆ ಷರತ್ತು ಇರಲಿಲ್ಲ. ಆದರೆ ಷರತ್ತು ಇದೆಯೆಂಬುದು ಅವನಿಗೆ ಗೊತ್ತಿತ್ತು. ನಾನು ಮಾತು ಕೊಟ್ಟವನಲ್ಲ, ಕಟ್ಟಡ ಕಟ್ಟುತ್ತೇನೆ ಎಂದನು. 1848ರಲ್ಲಿ ಲಾರ್ಡ್ ಕಾಟನ್‌ಹ್ಯಾಮ್ ಅದಕ್ಕೆ ತಡೆಯೊಡ್ಡಿದನು. ಷರತ್ತಿನ ಕಾರಣದಿಂದ ಕಡಿಮೆ ಬೆಲೆಗೆ ಕೊಂಡವನು ಮರುದಿನವೇ ಷರತ್ತಿಲ್ಲದ ಭೂಮಿಯೆಂಬಂತೆ ಹೆಚ್ಚು ಬೆಲೆಗೆ ಮಾರುವುದಾದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲವೆಂಬುದು ಅವನ ತರ್ಕ. ಲೆಸ್ಟರ್ ಚೌಕದಲ್ಲಿ ಇಂದಿಗೂ ತೋಟವಿದೆ. ಒಡೆತನ ದಾಟಿದರೂ ಮಾತು ನೆಲಕ್ಕೆ ಅಂಟಿಕೊಂಡೇ ಬಂತು.

ನಮ್ಮ ಊರುಗಳಲ್ಲಿ ಹೀಗೆ ತಿಳಿದೂ ತಿಳಿಯದವರಂತೆ ಕೊಳ್ಳುವವರು ಕಡಿಮೆಯೇನಲ್ಲ. ಪಕ್ಕದ ಜಮೀನಿಗೆ ಇಂಥವರು ಮುಂಗಡ ಕೊಟ್ಟಿದ್ದಾರೆಂದು ಊರಿಗೆಲ್ಲ ಗೊತ್ತು. ಹಣವಂತರೊಬ್ಬರು ಬಂದು ಹೆಚ್ಚು ಬೆಲೆ ಹೇಳಿ, ಋಣಭಾರ ಪತ್ರದಲ್ಲಿ ಏನೂ ಕಾಣುವುದಿಲ್ಲವೆಂಬ ಧೈರ್ಯದಿಂದ ನೋಂದಣಿ ಮಾಡಿಸಿಕೊಳ್ಳುತ್ತಾರೆ. ನೋಂದಣಿಯಾಗದ ಕರಾರು ಆ ಪತ್ರದಲ್ಲಿ ಕಾಣದು, ನಿಜ. ಆದರೆ ಮಾರುವವನನ್ನು ಪ್ರಲೋಭನೆಗೆ ದೂಡಿದವನ ಹೊಣೆ ಮಾರಿದವನದಕ್ಕಿಂತ ಹಗುರವೆಂದು ನಾನು ಒಪ್ಪಲಾರೆ. ಮಾರಿದವನಿಗೆ ಎಷ್ಟೋ ವೇಳೆ ಕಷ್ಟವೆಂಬ ನೆವವಾದರೂ ಇರುತ್ತದೆ.

ಕಷ್ಟದ ಮಾತು ಬಂತು. ಇಲ್ಲಿಯವರೆಗೆ ನಾನು ಮಾತು ಕೊಟ್ಟವರ ಕಿವಿಯನ್ನೇ ಹಿಂಡಿದಂತಾಯಿತು. ಮಾತು ಪಡೆದವರೆಲ್ಲ ನಿರಪರಾಧಿಗಳೆ? ಆಸ್ಪತ್ರೆಯ ಬಿಲ್ಲು, ಬ್ಯಾಂಕಿನ ನೋಟೀಸು, ಮಗಳ ಮದುವೆ ಇವುಗಳ ನಡುವೆ ಸಿಕ್ಕಿಕೊಂಡ ರೈತನ ಮನೆಗೆ ಬಂದು, ಇರುವ ಬೆಲೆಯ ಅರ್ಧ ಹೇಳಿ, ಅದರಲ್ಲೂ ಚಿಕ್ಕ ಮೊತ್ತವನ್ನು ಮುಂಗಡವಾಗಿ ಕೊಟ್ಟು ಸಹಿ ಪಡೆಯುವವರಿದ್ದಾರೆ. ಆಮೇಲೆ ಆ ಕರಾರನ್ನೇ ಮತ್ತೊಬ್ಬರಿಗೆ ಮಾರುತ್ತಾ ಹೋಗುತ್ತಾರೆ. ರೈತ ಉಳುವಂತಿಲ್ಲ, ಬೇರೆಯವರಿಗೆ ಮಾರುವಂತಿಲ್ಲ, ಉಳಿದ ಹಣವೂ ಬರುವುದಿಲ್ಲ. ಒಡೆತನ ಹೆಸರಿಗೆ ಮಾತ್ರ ಅವನದು. ಅಂತಹವರಿಂದ ಪಡೆದ ಮಾತು ಮಾತೇ? ಕೊಳ್ಳುವವನ ತೀವ್ರ ಅಗತ್ಯವನ್ನೇ ಕಾರಣಮಾಡಿಕೊಂಡು ಬೆಲೆ ಏರಿಸಬಾರದು, ಆ ಅಗತ್ಯ ಮಾರುವವನ ಸ್ವತ್ತಲ್ಲವಲ್ಲ ಎಂಬರ್ಥದಲ್ಲಿ ಸಂತ ತೋಮಾಸ್ ಅಕ್ವಿನಾಸರು ವಾದಿಸಿದ್ದಾರೆ. ಮಾರುವವನ ಸಂಕಟವನ್ನು ಹಿಡಿದು ಬೆಲೆ ಇಳಿಸುವವನಿಗೂ ಅದು ಸಲ್ಲುತ್ತದೆ. 1891ರ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ಜಗದ್ಗುರು ಹದಿಮೂರನೇ ಲಿಯೋರವರು ಕೂಲಿಯ ವಿಷಯವಾಗಿ ಇದನ್ನೇ ಎತ್ತಿದರು. ಬೇರೆ ದಾರಿಯಿಲ್ಲದೆ ಒಪ್ಪಿದವನ ಒಪ್ಪಿಗೆಯೊಂದರಿಂದಲೇ ವ್ಯವಹಾರ ನ್ಯಾಯವಾಗುವುದಿಲ್ಲ.

ನಮ್ಮ ಕಾನೂನಿನಲ್ಲಿ ಇದಕ್ಕೊಂದು ಜಾಗವಿತ್ತು. 2018ರ ತಿದ್ದುಪಡಿಯವರೆಗೆ ನಿರ್ದಿಷ್ಟ ಪರಿಹಾರ ಕಾಯಿದೆಯ 20ನೇ ಕಲಂ, ಕರಾರಿನಿಂದ ಒಂದು ಪಕ್ಷಕ್ಕೆ ಅನುಚಿತ ಲಾಭವಾಗುವಂತಿದ್ದರೆ ಅಥವಾ ಮಾತು ಕೊಟ್ಟವನಿಗೆ ಊಹಿಸಲಾಗದ ಸಂಕಷ್ಟ ಒದಗುವಂತಿದ್ದರೆ, ಕರಾರನ್ನು ಬಲವಂತವಾಗಿ ನಡೆಸಿಕೊಡಿಸಲು ನಿರಾಕರಿಸುವ ವಿವೇಚನೆಯನ್ನು ನ್ಯಾಯಾಧೀಶರಿಗೆ ನೀಡಿತ್ತು. ಆ ವರ್ಷದ ಅಕ್ಟೋಬರ್ 1ರಿಂದ ಆ ಕಲಂ ಬದಲಾಗಿ, ಕರಾರನ್ನು ನಡೆಸಿಕೊಡಿಸುವುದೇ ಸಾಮಾನ್ಯ ನಿಯಮವಾಯಿತು. ವ್ಯಾಜ್ಯಗಳು ಬೇಗ ಮುಗಿಯಲಿ, ಉದ್ಯಮಗಳಿಗೆ ಭರವಸೆ ಇರಲಿ ಎಂಬ ಉದ್ದೇಶ ಒಳ್ಳೆಯದೇ. ಮೋಸ, ಒತ್ತಾಯ, ಅನುಚಿತ ಪ್ರಭಾವದಿಂದ ಪಡೆದ ಒಪ್ಪಿಗೆಯನ್ನು 1872ರ ಕರಾರು ಕಾಯಿದೆಯಡಿ ಈಗಲೂ ಪ್ರಶ್ನಿಸಬಹುದು. ಆದರೂ ದೊಡ್ಡ ಕಂಪನಿಗಳ ಕರಾರಿಗೆ ಹೊಲಿದ ಅಂಗಿಯನ್ನು ಎರಡೆಕರೆ ರೈತನಿಗೂ ತೊಡಿಸಿದಂತಾಯಿತೇ ಎಂಬ ಅಳುಕು ನನಗಿದೆ.

ಕರಾರು ಮತ್ತು ಒಡೆತನದ ನಡುವಿನ ಈ ಎಳೆದಾಟವನ್ನು ಕರ್ನಾಟಕದ ಜನ ಇನ್ನೊಂದು ರೂಪದಲ್ಲೂ ಕಂಡಿದ್ದಾರೆ. ಕರಾವಳಿಯ ಕಡೆಯ ಓದುಗರಿಗೆ ಚಾಲಗೇಣಿ, ಮೂಲಗೇಣಿ ಎಂಬ ಪದಗಳನ್ನು ವಿವರಿಸಬೇಕಾಗಿಲ್ಲ. ಚಾಲಗೇಣಿಯ ಒಕ್ಕಲು ಧಣಿಯ ಮರ್ಜಿಯ ಮೇಲೆ ನಿಂತವನು. ಅಜ್ಜನ ಕಾಲದಿಂದ ಅದೇ ಗದ್ದೆಯನ್ನು ಉತ್ತು ಮುಡಿಗಟ್ಟಲೆ ಅಕ್ಕಿ ಅಳೆದುಕೊಟ್ಟರೂ ಅವನ ಕೈಯಲ್ಲಿದ್ದದ್ದು ಬರಿಯ ಕರಾರು, ಅದೂ ಎಷ್ಟೋ ವೇಳೆ ಬಾಯಿಮಾತಿನದು. ಮೂಲಗೇಣಿಯವನ ಕರಾರು ವಂಶಪಾರಂಪರ್ಯವಾಗಿ, ನಿಗದಿಯಾದ ಗೇಣಿಗೆ ಉಳಿಯುವಂಥದು. ಅದು ಒಡೆತನದ ಅಂಗಳದವರೆಗೂ ಬಂದು ನಿಂತಿತ್ತು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿಯ ಕೃಷಿಭೂಮಿಯನ್ನೆಲ್ಲ ಸರ್ಕಾರಕ್ಕೆ ಸೇರಿಸಿ, ಉಳುವವರಿಗೆ ಹಕ್ಕು ನೀಡಲು ಭೂ ನ್ಯಾಯಮಂಡಳಿಗಳನ್ನು ರಚಿಸಿತು. ನಮೂನೆ 7ರ ಅರ್ಜಿ ಹಿಡಿದು ಆ ಮಂಡಳಿಗಳ ಮುಂದೆ ನಿಂತವರ ಮಕ್ಕಳು ಇಂದು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿದ್ದಾರೆ. ಧಾರ್ಮಿಕ ಸಂಸ್ಥೆಗಳ ಗೇಣಿ ಭೂಮಿಯೂ ಕೈಬಿಟ್ಟಿತು. ಎರಡು ಪಕ್ಷಗಳು ಒಪ್ಪಿದ ಕರಾರನ್ನು ಶಾಸನ ಮುರಿಯಿತಲ್ಲ ಎಂದು ಆಗ ಕೊರಗಿದವರಿದ್ದರು. ಚಿಕ್ಕ ಹಿಡುವಳಿಯನ್ನು ಗೇಣಿಗೆ ಕೊಟ್ಟು ಅದನ್ನೇ ನಂಬಿದ್ದ ವಿಧವೆಯರ ಕಷ್ಟವೂ ಸುಳ್ಳಲ್ಲ. ಆದರೆ ತಲೆಮಾರುಗಳ ಬೆವರು ಒಂದು ಕರಾರಿನೊಳಗೆ ಹಿಡಿಸಲಾರದೆಂದು ಆ ಕಾನೂನು ಕಂಡುಕೊಂಡದ್ದು ಸರಿಯೆಂದೇ ನಾನು ಭಾವಿಸುತ್ತೇನೆ.

ಕೊನೆಯದಾಗಿ ಮಕ್ಕಳ ವಿಷಯ. ಹೆಚ್ಚಿನ ಜಗಳಗಳು ಬೆಳೆಯುವುದು ಇಲ್ಲಿಯೇ. ತಂದೆ ಕರಾರು ಬರೆದು, ಮುಂಗಡ ಪಡೆದು, ನೋಂದಣಿಗೆ ಮೊದಲೇ ತೀರಿಕೊಳ್ಳುತ್ತಾರೆ. ನಾವು ಸಹಿ ಹಾಕಿಲ್ಲ ಎನ್ನುತ್ತಾರೆ ಮಕ್ಕಳು. ಕರಾರು ಕಾಯಿದೆಯ 37ನೇ ಕಲಮಿನಂತೆ, ಬೇರೆ ಅಭಿಪ್ರಾಯ ಕರಾರಿನಲ್ಲಿ ಕಾಣದಿದ್ದರೆ, ತೀರಿಕೊಂಡವರ ಮಾತು ಅವರ ಪ್ರತಿನಿಧಿಗಳನ್ನೂ ಕಟ್ಟುತ್ತದೆ. ಹಿಂದೂ ಅವಿಭಕ್ತ ಕುಟುಂಬಗಳಲ್ಲಿ ಹುಟ್ಟಿನಿಂದಲೇ ಬರುವ ಪಾಲಿನ ಪ್ರಶ್ನೆ ಎದ್ದು 'ತಂದೆಗೆ ನಮ್ಮ ಪಾಲನ್ನು ಮಾರುವ ಅಧಿಕಾರವಿತ್ತೇ' ಎಂದು ಕೇಳಬಹುದಾಗಿದೆ. ಕ್ರೈಸ್ತರಾದ ನಮಗೆ ಸಾಮಾನ್ಯವಾಗಿ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ಹಾಗೆ ಹುಟ್ಟಿನಿಂದ ಬರುವ ಪಾಲಿಲ್ಲ. ತಂದೆಯ ಸ್ವಂತ ಹೊಲ ಅವರ ಮರಣದ ನಂತರವೇ ನಮ್ಮ ಕೈಗೆ ಬರುತ್ತದೆ. ಬರುವಾಗ ಅವರು ಕೊಟ್ಟಿದ್ದ ಮಾತಿನ ಸಮೇತ ಬರುತ್ತದೆ. ಕೊಳ್ಳುವವರು ಗಡುವಿನ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಗಡುವು ಬರೆದಿಲ್ಲವಾದರೆ, ಮಾರಲು ನಿರಾಕರಿಸಿದರೆಂದು ತಿಳಿದ ದಿನದಿಂದ ಮೂರು ವರ್ಷ. ಆ ಅವಧಿ ಕಳೆಯಲೆಂದೇ ಇಂದು ನಾಳೆ ಎನ್ನುತ್ತಾ ದಿನ ದೂಡುವ ಕುಟುಂಬಗಳನ್ನು ನಾನು ಬಲ್ಲೆ. ಹಾಗೆ ಮಾಡುವ ಬದಲು, ತಂದೆಯ ನಲವತ್ತನೆಯ ದಿನದ ಪೂಜೆ ಮುಗಿದ ಮೇಲೆ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಒಟ್ಟಿಗೆ ಕುಳಿತು, ಪಾಲಿನ ಮಾತೆತ್ತುವ ಮೊದಲು, ಅವರ ಪೆಟ್ಟಿಗೆಯಲ್ಲಿರುವ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಓದಿರಿ. ಮುಂಗಡ ಪಡೆದ ಕರಾರು ಸಿಕ್ಕಿದರೆ ಎದುರು ಪಕ್ಷದವರನ್ನು ನೀವಾಗಿಯೇ ಹೋಗಿ ಕಾಣಿರಿ. ಅವರಿಗೆ ಈಗ ಜಮೀನು ಬೇಡವಾಗಿರಬಹುದು, ಹಣವೇ ಸಾಕೆನ್ನಬಹುದು, ಅಥವಾ ಅವರೂ ತೀರಿಹೋಗಿ ಅವರ ಮಕ್ಕಳು ಅಂತಹದೇ ಕಾಗದದ ಇನ್ನೊಂದು ಪ್ರತಿಯನ್ನು ಹಿಡಿದು ನಿಮ್ಮ ಮನೆ ಯಾವುದೆಂದು ವಿಚಾರಿಸುತ್ತಿರಬಹುದು.